ಓದಿ ಹೇಳಿದರೆ ತಿಳಿಯುವ ಪುಟ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಊರುಗಳಲ್ಲಿ ಒಂದು ಕುಣಿತವೋ ಬಯಲಾಟವೋ ನಡೆಯುತ್ತದೆಂದರೆ, ಆ ಸುದ್ದಿ ಜನಕ್ಕೆ ಮುಟ್ಟಲು ಹಿಂದೆ ಎರಡು ದಾರಿಗಳಿದ್ದವು. ತಮಟೆ ಬಡಿದು ಸಾರುವುದು ಒಂದು, ಕರಪತ್ರ ಅಚ್ಚು ಹಾಕಿಸಿ ಸಂತೆಯಲ್ಲಿ ಹಂಚುವುದು ಇನ್ನೊಂದು. ಈಗ ಮೂರನೆಯ ದಾರಿ ಬಂದಿದೆ. ಮೊಬೈಲಿಗೆ ಒಂದು ಲಿಂಕ್ ಬರುತ್ತದೆ, ಒತ್ತಿದರೆ ಕಾರ್ಯಕ್ರಮದ ಪುಟ ತೆರೆದುಕೊಳ್ಳುತ್ತದೆ. ಕುಣಿಯುವ ಮಕ್ಕಳೂ ಕಲಾತಂಡಗಳೂ ಅಲ್ಲೇ ಹೆಸರು ನೋಂದಾಯಿಸಬೇಕು, ನೋಡಲು ಬರುವವರು ಅಲ್ಲೇ ಟಿಕೆಟ್ ಪಡೆಯಬೇಕು. ಭರತನಾಟ್ಯದ ಸ್ಪರ್ಧೆಯಿರಲಿ, ಜಾನಪದ ಉತ್ಸವವಿರಲಿ, ಸಿನಿಮಾ ಹಾಡಿನ ಕುಣಿತದ ಆಯ್ಕೆಯಿರಲಿ, ಮೊದಲ ಮೆಟ್ಟಿಲು ಆ ಪುಟವೇ ಆಗುತ್ತಿದೆ. ಇವತ್ತಿನ ಮಾತು ಆ ಪುಟವನ್ನು ಹೇಗೆ ರೂಪಿಸಬೇಕು ಎನ್ನುವುದರ ಬಗ್ಗೆ. ನಾನು ಹೇಳಹೊರಟಿರುವ ವಿಚಾರ ಒಂದೇ: ಗಟ್ಟಿಯಾಗಿ ಓದಿ ಹೇಳಿದಾಗ ಕೇಳಿದವರಿಗೆ ಎಲ್ಲವೂ ತಿಳಿಯುವಂತಿದ್ದರೆ ಅದು ಒಳ್ಳೆಯ ಪುಟ. ಹಾಗೆ ತಿಳಿಯದ ಪುಟ ಎಷ್ಟೇ ಅಂದವಾಗಿದ್ದರೂ ಕೆಲವರ ಪಾಲಿಗೆ ಮುಚ್ಚಿದ ಬಾಗಿಲು. ಆ ಬಾಗಿಲ ಹೊರಗೆ ಉಳಿಯುವವರಲ್ಲಿ ನಮ್ಮಂಥ ತಾಲ್ಲೂಕುಗಳ ಜನವೇ ಹೆಚ್ಚು.

ಮೊದಲು ನಮ್ಮ ಹಳೆಯ ಕರಪತ್ರವನ್ನೇ ನೋಡೋಣ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳು ಊರೂರಿಗೆ ಕ್ಯಾಂಪು ಹಾಕಿ, ಟಿಕೆಟ್ ಮಾರಿಯೇ ಬದುಕಿದವು. ಅವುಗಳಿಗೆ ಕರಪತ್ರವೇ ಉಸಿರು. ಯಾವ ನಾಟಕ, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಕುರ್ಚಿಗೆ ಎಷ್ಟು, ಬೆಂಚಿಗೆ ಎಷ್ಟು, ನೆಲಕ್ಕೆ ಎಷ್ಟು ಎಂಬುದೆಲ್ಲ ಒಂದೇ ಹಾಳೆಯಲ್ಲಿ ಇರಬೇಕಿತ್ತು. ಬಯಲಾಟದ ಕರಪತ್ರಕ್ಕೂ ತನ್ನದೇ ಕ್ರಮವಿದೆ. ಪ್ರಸಂಗದ ಹೆಸರು, ಆಡುವ ಊರು, ಭಾಗವತರು, ಯಾವ ಪಾತ್ರಕ್ಕೆ ಯಾರು, ಕೊನೆಗೆ ಸಂಪರ್ಕಿಸಬೇಕಾದವರು. ಅಕ್ಷರ ಬಲ್ಲ ಒಬ್ಬರು ಅರಳಿಕಟ್ಟೆಯ ಮೇಲೆ ಕುಳಿತು ಅದನ್ನು ಓದಿದರೆ, ಓದು ಬಾರದ ಇಪ್ಪತ್ತು ಜನಕ್ಕೆ ವಿಷಯ ಪೂರ್ತಿ ಮುಟ್ಟುತ್ತಿತ್ತು. ಇಂದಿನ ಪುಟಕ್ಕೆ ಬಣ್ಣವಿದೆ, ವಿಡಿಯೋ ಇದೆ. ಆದರೂ ಎಷ್ಟೋ ಸಲ ಸ್ಥಳ ಯಾವುದೆಂದು ತಿಳಿಯಲು ಮೂರು ಬಾರಿ ಬೆರಳಾಡಿಸಬೇಕು, ಪ್ರವೇಶ ಶುಲ್ಕ ತಿಳಿಯಬೇಕಾದರೆ ಮೊದಲು ನಮ್ಮ ಫೋನ್ ನಂಬರ್ ಕೊಡಬೇಕು. ಸಾಧನ ದೊಡ್ಡದಾಯಿತು, ಕರಪತ್ರ ಪಾಲಿಸಿದ ಮರ್ಯಾದೆ ಮಾತ್ರ ಹಿಂದೆ ಉಳಿಯಿತು.

ಸಾರ್ವಜನಿಕರಿಗೆ ಒಂದು ವಿಷಯ ತಿಳಿಸುವ ಕೆಲಸ ಈ ನೆಲಕ್ಕೆ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಅವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಬರಹದ ಆರಂಭವನ್ನು ಗಮನಿಸಬೇಕು. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರಿಗೆ ಹೇಳುತ್ತಿರುವ ಮಾತು ಇದು ಎಂದು ಮೊದಲೇ ತಿಳಿಸಿ, ಅವರ ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರುತ್ತದೆ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ಮೊದಲ ಸಾಲುಗಳಲ್ಲೇ ಸ್ಪಷ್ಟ. ಅದೇ ಶಾಸನದ ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ಆತ ತಾನು ಲಿಪಿಕಾರನೆಂಬುದನ್ನು ಸೂಚಿಸುವ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಅದು ದೂರದ ವಾಯವ್ಯ ಪ್ರಾಂತದ ಲಿಪಿ, ಇಲ್ಲಿಯವರಿಗೆ ಅಪರಿಚಿತ. ನಮ್ಮ ಇಂದಿನ ಪುಟಗಳಲ್ಲಿಯೂ ಅಂಥ ಒಂದು ಮೂಲೆ ಇರುತ್ತದೆ. ಮೇಲೆಲ್ಲ ಕನ್ನಡದ ಸ್ವಾಗತ, ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಷರತ್ತುಗಳು. ಹಣ ವಾಪಸ್ ಇಲ್ಲ, ವಯಸ್ಸಿನ ಮಿತಿ ಇಷ್ಟು, ತೀರ್ಪೇ ಅಂತಿಮ ಎಂಬ ನಿಜವಾದ ಮಾತುಗಳೆಲ್ಲ ಅಲ್ಲೇ ಅಡಗಿರುತ್ತವೆ. ಚಪಡ ಹಾಗೆ ಬರೆದದ್ದು ತನ್ನ ವೃತ್ತಿಯ ಗುರುತೊಂದನ್ನೇ, ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ನಾವು ಹಾಗೆ ಬರೆಯುತ್ತಿರುವುದು ಜನ ಮೊದಲು ಓದಲೇಬೇಕಾದ ಭಾಗವನ್ನು.

ಹಾಗಾದರೆ ಪುಟದಲ್ಲಿ ಏನು ಮೊದಲು ಬರಬೇಕು? ಓದುವವರ ಮನಸ್ಸಿನಲ್ಲಿ ಪ್ರಶ್ನೆಗಳು ಏಳುವ ಕ್ರಮವೇ ಪುಟದ ಕ್ರಮವಾಗಬೇಕು. ಏನು, ಯಾವತ್ತು, ಎಲ್ಲಿ, ಎಷ್ಟು ಹಣ, ಯಾರು ನಡೆಸುತ್ತಿದ್ದಾರೆ, ಅನುಮಾನ ಬಂದರೆ ಯಾರನ್ನು ಕೇಳಬೇಕು. ಈ ಆರಕ್ಕೆ ಉತ್ತರ ಪುಟ ತೆರೆದ ಕೂಡಲೇ ಸಿಗಬೇಕು. ಅತಿಥಿಗಳ ಭಾವಚಿತ್ರ, ಸಂಘದ ಸಾಧನೆ, ಪ್ರಾಯೋಜಕರ ಗುರುತುಗಳು ಆಮೇಲೆ ಬರಲಿ. ದಿನಾಂಕ ಬರೆಯುವುದು ಸುಲಭವೆನಿಸಬಹುದು. ಆದರೆ ರಾತ್ರಿಯಿಡೀ ನಡೆಯುವ ಬಯಲಾಟಕ್ಕೆ ಹದಿನೈದನೇ ತಾರೀಕು ರಾತ್ರಿ ಹನ್ನೆರಡು ಎಂದು ಬರೆದರೆ ಅದು ಹದಿನಾಲ್ಕರ ರಾತ್ರಿಯೋ ಹದಿನೈದರ ರಾತ್ರಿಯೋ? ಗಡಿಯಾರದ ಲೆಕ್ಕ ಒಂದು ಹೇಳುತ್ತದೆ, ಊರಿನ ಲೆಕ್ಕ ಇನ್ನೊಂದು. ಶನಿವಾರ ರಾತ್ರಿ ಒಂಬತ್ತೂವರೆಯಿಂದ ಭಾನುವಾರ ಬೆಳಗಿನವರೆಗೆ ಎಂದು ವಾರದ ಹೆಸರು ಸೇರಿಸಿ ಬರೆದರೆ ಗೊಂದಲವೇ ಇಲ್ಲ. ತಾರೀಕು ತಪ್ಪಾಗಿ ಅಚ್ಚಾದರೂ ವಾರ ಅದನ್ನು ಹಿಡಿದುಕೊಡುತ್ತದೆ. ಇನ್ನು ಮುಗಿಯುವ ಹೊತ್ತು. ಪಟ್ಟಣದ ಪುಟಗಳು ಇದನ್ನು ಬರೆಯುವುದು ಅಪರೂಪ. ಚಳ್ಳಕೆರೆಗೂ ಮೊಳಕಾಲ್ಮುರಿಗೂ ನಡುವೆ ಸುಮಾರು 50 ಕಿಲೋಮೀಟರ್ ದಾರಿ. ಚಳ್ಳಕೆರೆಯಲ್ಲಿ ನಡೆಯುವ ನೃತ್ಯ ಕಾರ್ಯಕ್ರಮಕ್ಕೆ ಮೊಳಕಾಲ್ಮುರಿನ ತಾಯಿಯೊಬ್ಬರು ಮಗಳನ್ನು ಕರೆತರಬೇಕಾದರೆ, ಮೊದಲು ಯೋಚಿಸುವುದು ವಾಪಸ್ ಹೋಗುವ ಬಸ್ಸಿನ ಬಗ್ಗೆ. ಮುಗಿಯುವ ಹೊತ್ತು ಬರೆಯದಿದ್ದರೆ ಅವರು ಮನೆಯಲ್ಲೇ ಉಳಿಯುತ್ತಾರೆ. ಆ ಒಂದು ಸಾಲಿನ ಕೊರತೆಯಿಂದ ಒಂದು ಮಗು ವೇದಿಕೆ ಹತ್ತದೆ ಹೋಗಬಹುದು.

ಎರಡನೆಯದು ಅಕ್ಷರದ ವಿಷಯ. ಕಾರ್ಯಕ್ರಮ ಮಾಡುವವರು ಸಾಮಾನ್ಯವಾಗಿ ಡಿಟಿಪಿ ಅಂಗಡಿಗೆ ಹೋಗಿ ಪೋಸ್ಟರ್ ಮಾಡಿಸುತ್ತಾರೆ, ಆ ಚಿತ್ರವನ್ನೇ ಪುಟಕ್ಕೆ ಅಂಟಿಸುತ್ತಾರೆ. ಇದರಿಂದ ಆಗುವ ತೊಂದರೆ ಹೊರಗೆ ಕಾಣುವುದಿಲ್ಲ. ಚಿತ್ರದೊಳಗಿನ ಅಕ್ಷರವನ್ನು ಹುಡುಕಾಟದಲ್ಲಿ ಹಿಡಿಯುವುದು ಕಷ್ಟ. ಕಣ್ಣು ಕಾಣದವರಿಗೆ ಪಠ್ಯವನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದು ಬರಿಯ ಚಿತ್ರ. ವಾಟ್ಸಪ್ಪಿನಲ್ಲಿ ನಾಲ್ಕು ಕೈ ದಾಟುವ ಹೊತ್ತಿಗೆ ಸಣ್ಣ ಅಕ್ಷರ ಮಸುಕಾಗುತ್ತದೆ. ಚಿತ್ರ ಬೇಡವೆಂದು ಅಂಗಡಿಯವರ ಪಠ್ಯವನ್ನೇ ತಂದು ಹಾಕಿದರೆ ಇನ್ನೊಂದು ಕಷ್ಟ. ನುಡಿ ಅಥವಾ ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ಪಠ್ಯ ಯೂನಿಕೋಡಿಗೆ ಬದಲಾಗದೆ ಹೋದರೆ, ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಕನ್ನಡ ಲಿಪಿ 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿದೆ, ಪರಿವರ್ತಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಆದ್ದರಿಂದ ಪೋಸ್ಟರ್ ಇರಲಿ, ಅದರ ಕೆಳಗೆ ಅಷ್ಟೇ ವಿಷಯ ಯೂನಿಕೋಡ್ ಕನ್ನಡದ ಪಠ್ಯವಾಗಿಯೂ ಇರಲಿ. ಬಣ್ಣದ ಆಯ್ಕೆಯೂ ಇಲ್ಲಿಗೇ ಸೇರುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ ನಾಲ್ಕೂವರೆಗೆ ಒಂದರ ಪ್ರಮಾಣದಲ್ಲಿ ಇರಬೇಕೆಂಬುದು ಜಾಲಪುಟಗಳಿಗಿರುವ ಅಂತರರಾಷ್ಟ್ರೀಯ ಮಾನದಂಡ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳು ನಮ್ಮವು. ಸಂತೆಯ ಬಿಸಿಲಲ್ಲಿ ನಿಂತು ಮೊಬೈಲ್ ನೋಡುವವರಿಗೆ ಬಿಳಿಯ ಮೇಲಿನ ಹಳದಿ ಅಕ್ಷರ ಕಾಣುವುದೇ ಇಲ್ಲ. ತಂಪು ಕೋಣೆಯಲ್ಲಿ ಕುಳಿತು ಮಾಡಿದ ಪುಟವನ್ನು ಒಮ್ಮೆ ಮಟಮಟ ಮಧ್ಯಾಹ್ನ ಬಯಲಿಗೆ ತಂದು ನೋಡಬೇಕು.

ಇನ್ನು ನೋಂದಣಿಯ ಫಾರಂ. ಒಂದು ಕೋಲಾಟದ ತಂಡವನ್ನು ಎದುರಿಗಿಟ್ಟುಕೊಂಡು ಅದನ್ನು ತುಂಬಿ ನೋಡೋಣ. ಮೊದಲ ಪ್ರಶ್ನೆ, ನೃತ್ಯ ಪ್ರಕಾರ. ಪಟ್ಟಿಯಲ್ಲಿ ಭರತನಾಟ್ಯ, ಕಥಕ್, ವೆಸ್ಟರ್ನ್, ಸಿನಿಮಾ ನೃತ್ಯ, ಕೊನೆಯಲ್ಲಿ ಇತರೆ. ಕೋಲಾಟ, ಉರುಮೆ, ನಂದಿಕೋಲು, ಕೀಲುಕುದುರೆ, ವೀರಗಾಸೆ ಎಲ್ಲವೂ ಆ ಇತರೆಯೊಳಗೇ ತೂರಿಕೊಳ್ಳಬೇಕು. ತನ್ನ ಸ್ವಂತ ನೆಲದಲ್ಲಿ ನಡೆಯುವ ಉತ್ಸವದಲ್ಲೇ ಒಂದು ಕಲೆ ಹೆಸರಿಲ್ಲದೆ ನಿಂತರೆ, ಇದು ನಮಗಾಗಿ ಮಾಡಿದ್ದಲ್ಲ ಎಂದು ತಂಡದವರು ಹಿಂದೆ ಸರಿಯುವುದು ಸಹಜ. ಎರಡನೆಯ ಪ್ರಶ್ನೆ ಹೆಸರು, ಅದರಲ್ಲಿ ಹೆಸರಿಗೊಂದು, ಅಡ್ಡಹೆಸರಿಗೊಂದು ಎಂದು ಎರಡು ಮನೆ. ಎರಡನ್ನೂ ತುಂಬದೆ ಮುಂದೆ ಹೋಗುವಂತಿಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಹೊತ್ತು ನಡೆದವರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಪಡೆದವರು. ಅಡ್ಡಹೆಸರು ಕಡ್ಡಾಯವೆನ್ನುವ ಫಾರಂ ಅವರಂಥವರನ್ನೂ ಬಾಗಿಲಲ್ಲೇ ತಡೆಯುತ್ತದೆ. ಮೂರನೆಯದು ತಾಲ್ಲೂಕು. ಮೊಳಕಾಲ್ಮುರು ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕಾರು ರೀತಿ ಬರೆಯುತ್ತಾರೆ. ಪಟ್ಟಿಯಲ್ಲಿ ಯಾವ ರೀತಿ ಇದೆಯೋ ತಿಳಿಯದೆ ಹುಡುಕುವವರು ನಮ್ಮ ತಾಲ್ಲೂಕೇ ಇಲ್ಲವೆಂದು ಕೈಬಿಡುತ್ತಾರೆ. ಕನ್ನಡದಲ್ಲೇ ಪಟ್ಟಿ ಕೊಟ್ಟರೆ ಈ ತೊಡಕೇ ಇರುವುದಿಲ್ಲ.

ಫಾರಂ ಕೇಳಬೇಕಾದದ್ದನ್ನು ಕೇಳದಿರುವುದೂ ಅಷ್ಟೇ ದೊಡ್ಡ ಲೋಪ. ಕೋಲಾಟ ಜೋಡಿಜೋಡಿಯಾಗಿ ಆಡುವ ಆಟ. ಹದಿನಾರು ಜನರ ತಂಡಕ್ಕೆ ಗರಿಷ್ಠ ಹತ್ತು ಎಂದು ಮಿತಿ ಹಾಕಿದರೆ ಆಟದ ಸುತ್ತೇ ಮುರಿಯುತ್ತದೆ. ಮಿತಿ ಇರಲೇಬೇಕಿದ್ದರೆ ಅದನ್ನು ಪುಟದ ಮೇಲ್ಭಾಗದಲ್ಲೇ ಹೇಳಬೇಕು, ಎಲ್ಲ ತುಂಬಿದ ಮೇಲೆ ಕೆಂಪಕ್ಷರದಲ್ಲಿ ತೋರಿಸುವುದಲ್ಲ. ವೇದಿಕೆ ಎಷ್ಟು ಅಡಿ ಉದ್ದ, ಎಷ್ಟು ಅಡಿ ಅಗಲ, ನೆಲ ಮರದ್ದೋ ಸಿಮೆಂಟಿನದೋ ಎಂದು ತಂಡಕ್ಕೆ ತಿಳಿಯಬೇಕು. ಬರಿಗಾಲಲ್ಲಿ ಕುಣಿಯುವವರಿಗೆ ಬಿಸಿಲು ಹೀರಿದ ಸಿಮೆಂಟು ಬೇರೆಯೇ ಅನುಭವ. ಹಾಡು ಧ್ವನಿಮುದ್ರಿತವೋ ಹಿಮ್ಮೇಳ ಬರುತ್ತದೆಯೋ ಎಂದು ಫಾರಂ ಕೇಳಬೇಕು. ತಮಟೆಯವರು ವಾದ್ಯ ಕಾಯಿಸಲು ಬೆಂಕಿ ಹಾಕಿಕೊಳ್ಳುತ್ತಾರೆ. ಸಭಾಂಗಣದ ಆವರಣದಲ್ಲಿ ಅದಕ್ಕೆ ಜಾಗವಿದೆಯೇ ಇಲ್ಲವೇ ಎಂಬುದನ್ನು ಒಂದು ಸಾಲಿನಲ್ಲಿ ಬರೆದರೆ, ಆ ದಿನ ಕಾವಲುಗಾರನೊಂದಿಗೆ ನಡೆಯುವ ಜಟಾಪಟಿ ತಪ್ಪುತ್ತದೆ. ಹೆಣ್ಣುಮಕ್ಕಳು ವೇಷ ಕಟ್ಟಿಕೊಳ್ಳಲು ಬೇರೆ ಕೋಣೆ, ಶೌಚಾಲಯ, ಊಟ, ಪ್ರಯಾಣದ ವೆಚ್ಚ, ಸಂಭಾವನೆ ಇವನ್ನು ಕೇಳಲು ಕಲಾವಿದರು ಸಂಕೋಚಪಡುತ್ತಾರೆ. ಅವರು ಕೇಳುವ ಮೊದಲೇ ಪುಟ ಹೇಳಿಬಿಟ್ಟರೆ ಆ ಸಂಕೋಚ ಉಳಿಯುವುದಿಲ್ಲ. ವಯಸ್ಸಿನ ವಿಭಾಗವಿದ್ದರೆ ಯಾವ ತಾರೀಕಿಗೆ ವಯಸ್ಸು ಲೆಕ್ಕ ಹಾಕುತ್ತೀರಿ ಎಂಬುದನ್ನೂ ಬರೆಯಬೇಕು. ಸ್ಪರ್ಧೆಗಳಲ್ಲಿ ಅನೇಕ ಜಗಳಗಳ ಮೂಲ ಈ ಒಂದು ಸಾಲು ಇಲ್ಲದಿರುವುದು.

ಬೇಡದ್ದನ್ನು ಕೇಳುವುದು ಇನ್ನೊಂದು ರೋಗ. ಹತ್ತು ವರ್ಷದ ಮಗುವಿನ ನೃತ್ಯ ಸ್ಪರ್ಧೆಗೆ ಆಧಾರ್ ಸಂಖ್ಯೆ ಏಕೆ? ತಂದೆಯ ಆದಾಯ ಏಕೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಕಾಣುತ್ತದೆ. ಅವರ ಮಾಹಿತಿಯನ್ನು ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಮಾಹಿತಿ ಏಕೆ ಬೇಕೆಂಬ ಸೂಚನೆಯನ್ನು ಇಂಗ್ಲಿಷಿನಲ್ಲಷ್ಟೇ ಅಲ್ಲದೆ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಆಯ್ಕೆ ಇರಬೇಕೆನ್ನುತ್ತದೆ. ಕನ್ನಡ ಆ 22 ಭಾಷೆಗಳಲ್ಲಿ ಒಂದು. ಹೀಗಾಗಿ ಕನ್ನಡದಲ್ಲಿ ವಿವರಿಸುವುದು ಉಪಕಾರವೇನಲ್ಲ, ಕಾನೂನಿನ ಆಶಯವೇ ಅದು. ನೃತ್ಯದ ಫೋಟೋ, ವಿಡಿಯೋಗಳನ್ನು ಎಲ್ಲಿ ಹಾಕುತ್ತೀರಿ, ಬೇಡವೆಂದರೆ ತೆಗೆಯುತ್ತೀರಾ ಎಂದು ತಂದೆತಾಯಿಗೆ ಮೊದಲೇ ತಿಳಿಸಿದ ಪುಟವನ್ನು ಜನ ನಂಬುತ್ತಾರೆ.

ಈಗ ಹಣದ ಮಾತು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಮುಕ್ತಿ ಬಾವುಟ ಹರಾಜಾಗುತ್ತದೆ. ಸವಾಲು ಕೂಗುವುದು ಎಲ್ಲರ ಎದುರಿಗೆ. ಯಾರು ಎಷ್ಟಕ್ಕೆ ಪಡೆದರು ಎಂಬುದು ಅಲ್ಲಿ ನೆರೆದ ಜನಸಾಗರಕ್ಕೆಲ್ಲ ಗೊತ್ತು. ಬಯಲಾಟದಲ್ಲಿಯೂ ಬಹುಮಾನ ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಹಣವನ್ನು ಬಹಿರಂಗವಾಗಿ ಎಣಿಸುವುದು ನಮ್ಮ ಉತ್ಸವಗಳ ರೂಢಿ. ಟಿಕೆಟ್ ಪುಟಗಳು ಈ ರೂಢಿಗೆ ತಿರುಗಿ ನಡೆಯುತ್ತವೆ. ಟಿಕೆಟ್ 200 ರೂಪಾಯಿ ಎಂದು ಮೇಲೆ ಬರೆದಿದೆ ಎನ್ನೋಣ. ಹೆಸರು, ನಂಬರ್, ಒಟಿಪಿ ಎಲ್ಲ ಕೊಟ್ಟು ಕೊನೆಯ ಹಂತಕ್ಕೆ ಬಂದಾಗ ಸೇವಾ ಶುಲ್ಕ ಸೇರಿ 230 ಆಗಿರುತ್ತದೆ. ಮೂವತ್ತು ರೂಪಾಯಿಗಿಂತ ಹೆಚ್ಚಾಗಿ ನೋಯಿಸುವುದು, ಅದನ್ನು ಕೊನೆಗೆ ಹೇಳಿದರೆಂಬುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಬೆಲೆಯನ್ನು ತೊಟ್ಟುತೊಟ್ಟಾಗಿ ಬಿಚ್ಚುವುದು ಅದರಲ್ಲಿ ಒಂದು. ಕೇಳದೆಯೇ ದೇಣಿಗೆಯನ್ನೋ ಬೇರೆ ವಸ್ತುವನ್ನೋ ಲೆಕ್ಕಕ್ಕೆ ಸೇರಿಸುವುದು ಇನ್ನೊಂದು. ಕೆಲವೇ ಆಸನ ಬಾಕಿ ಎಂದು ಸುಳ್ಳು ಅವಸರ ಹುಟ್ಟಿಸುವುದು ಮತ್ತೊಂದು. ಅವಸರ ಹುಟ್ಟಿಸದಿದ್ದರೆ ಟಿಕೆಟ್ ಹೋಗುವುದಿಲ್ಲ ಎನ್ನುವವರಿದ್ದಾರೆ. ಒಂದು ದಿನದ ಮಾರಾಟಕ್ಕೆ ಆ ಮಾತು ನಿಜವಿರಬಹುದು. ಆದರೆ ಅದೇ ಊರಿನಲ್ಲಿ ಮುಂದಿನ ವರ್ಷವೂ ಕಾರ್ಯಕ್ರಮ ಮಾಡಬೇಕಾದ ಸಂಘಕ್ಕೆ, ಅರ್ಧ ಖಾಲಿ ಸಭಾಂಗಣವನ್ನು ಕಣ್ಣಾರೆ ಕಂಡ ಪ್ರೇಕ್ಷಕ ಎರಡನೇ ಸಲ ಸಿಗುವುದಿಲ್ಲ.

ಹಣ ಕೊಟ್ಟ ಮೇಲಿನ ಕತೆಯನ್ನು ಪುಟ ಹೇಳುವುದು ಇನ್ನೂ ಅಪರೂಪ. ಯುಪಿಐ 2016ರಲ್ಲಿ ಬಂದ ಮೇಲೆ ತರಕಾರಿ ಅಂಗಡಿಯಲ್ಲೂ ಕ್ಯೂಆರ್ ಕೋಡ್ ಇದೆ. ನೆಟ್‌ವರ್ಕ್ ಕೈಕೊಟ್ಟಾಗ ಖಾತೆಯಿಂದ ಹಣ ಹೋಗಿ ಟಿಕೆಟ್ ಬಾರದಿರುವುದೂ ಎಲ್ಲರಿಗೂ ಗೊತ್ತು. ಆಗ ಜನ ಗಾಬರಿಯಿಂದ ಎರಡನೇ ಸಲ ಹಣ ಹಾಕುತ್ತಾರೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಆದೇಶದ ಪ್ರಕಾರ, ಯುಪಿಐ ಮೂಲಕ ವ್ಯಾಪಾರಿಗೆ ಕೊಟ್ಟ ಹಣ ಖಾತೆಯಿಂದ ಕಡಿತವಾಗಿ ಆ ಕಡೆ ಖಚಿತವಾಗದಿದ್ದರೆ ವ್ಯವಹಾರದ ದಿನದಿಂದ 5 ದಿನದೊಳಗೆ ತಾನಾಗಿಯೇ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಹಣ ಕಡಿತವಾಗಿ ಟಿಕೆಟ್ ಬಾರದಿದ್ದರೆ ಮತ್ತೆ ಹಣ ಹಾಕಬೇಡಿ, ಈ ನಂಬರಿಗೆ ಬೆಳಿಗ್ಗೆ ಹತ್ತರಿಂದ ಸಂಜೆ ಆರರೊಳಗೆ ಕರೆ ಮಾಡಿ ಎಂದು ಪಾವತಿಯ ಗುಂಡಿಯ ಪಕ್ಕದಲ್ಲೇ ಬರೆದಿದ್ದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಕಾರ್ಯಕ್ರಮ ಮುಂದಕ್ಕೆ ಹೋದರೆ ಟಿಕೆಟ್ ಉಳಿಯುತ್ತದೆಯೇ, ಹಣ ಮರಳುತ್ತದೆಯೇ ಎಂಬುದನ್ನೂ ಅಲ್ಲೇ ಹೇಳಬೇಕು. ನಿಯಮ ಕಠಿಣವಾಗಿದ್ದರೂ ಚಿಂತೆಯಿಲ್ಲ. 2004ರಲ್ಲಿ ಆರಂಭವಾದ ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಹೇಳಿದ ಹೊತ್ತಿಗೆ ಶುರುವಾಗುತ್ತದೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಅದು ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಜನ ಅದನ್ನು ಗೌರವಿಸುತ್ತಾರೆ. ಮೊದಲೇ ಹೇಳಿದ ಕಠಿಣ ನಿಯಮವನ್ನು ಒಪ್ಪುವ ಜನ, ಆಮೇಲೆ ಹೇಳಿದ ಸಣ್ಣ ನಿಯಮಕ್ಕೂ ಸಿಟ್ಟಾಗುತ್ತಾರೆ.

ಇಷ್ಟು ಹೇಳಿದ ಮೇಲೆ ಏಳುವ ಆಕ್ಷೇಪಗಳನ್ನು ಬದಿಗೆ ಸರಿಸುವಂತಿಲ್ಲ. ಮೊದಲನೆಯದು ಅತ್ಯಂತ ಗಟ್ಟಿಯಾದದ್ದು. ಮೊಬೈಲೇ ಇಲ್ಲದವರು, ಇದ್ದರೂ ಬಳಸಲಾರದವರು ಎಷ್ಟೋ ಜನ ಇರುವಾಗ ಪುಟ ಚಂದ ಮಾಡಿ ಏನು ಪ್ರಯೋಜನ ಎಂಬುದು. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಹಳ್ಳಿಗಳಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಇಂಟರ್ನೆಟ್ ಬಳಸಿದವರು ಸುಮಾರು ನಾಲ್ಕರಲ್ಲಿ ಒಬ್ಬರು. ಪುರುಷರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ. ಅಲ್ಲಿಂದೀಚೆಗೆ ಆ ಸಂಖ್ಯೆ ಏರಿರಲೇಬೇಕು, ಅಂತರ ಮಾತ್ರ ಒಮ್ಮೆಲೇ ಅಳಿಸಿಹೋಗುವಂಥದ್ದಲ್ಲ. ಆದ್ದರಿಂದ ಪುಟವೊಂದೇ ಬಾಗಿಲಾಗಬಾರದು. ಫೋನಿನಲ್ಲಿ ಹೆಸರು ಬರೆದುಕೊಳ್ಳುವ ಒಬ್ಬರು ಇರಬೇಕು, ಬಸ್ ನಿಲ್ದಾಣದ ಹತ್ತಿರದ ಯಾವುದಾದರೂ ಅಂಗಡಿಯಲ್ಲಿ ಕಾಗದದ ಟಿಕೆಟ್ ಸಿಗಬೇಕು, ಅದಕ್ಕಾಗಿ ಒಂದಿಷ್ಟು ಆಸನ ತೆಗೆದಿಡಬೇಕು. ಈ ಎಲ್ಲ ವಿವರ ಪುಟದಲ್ಲೂ ಇರಬೇಕು. ಇಷ್ಟು ಒಪ್ಪಿಕೊಂಡ ಮೇಲೂ ಸ್ಪಷ್ಟತೆಯ ಅಗತ್ಯ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಮೊಬೈಲ್ ಬಳಸದವರ ಪರವಾಗಿ ಪುಟ ಓದುವವರು ಇನ್ನೊಬ್ಬರು: ಮನೆಯ ಮೊಮ್ಮಗ, ಸೈಬರ್ ಸೆಂಟರಿನ ಹುಡುಗಿ, ಗ್ರಾಮ ಒನ್ ಕೇಂದ್ರದವರು. ಅವರು ಓದಿ ಹೇಳುವಾಗ ಪುಟವೇ ತಡವರಿಸಿದರೆ, ಕೇಳುವ ಹಿರಿಯರಿಗೆ ಮುಟ್ಟುವುದು ಅರ್ಧ ಮಾತು.

ಎರಡನೆಯ ಆಕ್ಷೇಪ, ನಮ್ಮ ಕುಣಿತಗಳು ಟಿಕೆಟ್ಟಿಗೆ ಒಗ್ಗುವಂಥವಲ್ಲ ಎಂಬುದು. ಬಯಲಾಟ ಊರಿಗೆಲ್ಲ ತೆರೆದ ಬಯಲಿನಲ್ಲಿ ನಡೆಯುತ್ತದೆ, ದೇವರ ಉತ್ಸವದಲ್ಲಿ ಉರುಮೆ ಬಾರಿಸುವವರಿಗೂ ನೋಡುವವರಿಗೂ ನಡುವೆ ಬೇಲಿಯಿಲ್ಲ. ಮಾತು ಸತ್ಯ, ಅಂಥ ಉತ್ಸವಕ್ಕೆ ಟಿಕೆಟ್ ಹಚ್ಚಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಅದೇ ಕಲಾವಿದರು ಯುವಜನೋತ್ಸವದ ಜಾನಪದ ನೃತ್ಯ ಸ್ಪರ್ಧೆಗೆ, ಬೆಂಗಳೂರಿನ ಸಭಾಂಗಣಕ್ಕೆ, ಜಿಲ್ಲಾ ಉತ್ಸವಕ್ಕೆ ಹೋಗುತ್ತಾರೆ. ಕಲಾವಿದರ ಮಾಸಾಶನದ ಅರ್ಜಿಯೂ ಈಗ ಸೇವಾಸಿಂಧುವಿನ ಮೂಲಕ. ಆನ್‌ಲೈನ್ ಫಾರಂ ಅವರ ಹಟ್ಟಿಯ ಬಾಗಿಲಿಗೆ ಬಂದು ನಿಂತಾಗಿದೆ. ಉಚಿತ ಕಾರ್ಯಕ್ರಮಕ್ಕೂ ಸ್ಪಷ್ಟತೆ ಬೇಕು. ಉಚಿತ ಎಂದರೆ ಪಾಸ್ ಬೇಕೇ, ಮೊದಲು ಬಂದವರಿಗೆ ಮೊದಲು ಜಾಗವೇ, ಮುಂದಿನ ಸಾಲು ಯಾರಿಗಾಗಿ ಕಾಯ್ದಿರಿಸಿದೆ ಎಂಬುದನ್ನು ಹೇಳದೆ ಇದ್ದರೆ ಉಚಿತವೆಂಬ ಮಾತೇ ಜಗಳಕ್ಕೆ ದಾರಿ. ಹಣ ಪಡೆಯುವ ಕಾರ್ಯಕ್ರಮವಾದರೆ, ಅದರಲ್ಲಿ ಕಲಾವಿದರಿಗೆ ಎಷ್ಟು ಹೋಗುತ್ತದೆ ಎಂದು ಬರೆಯುವ ಧೈರ್ಯವನ್ನೂ ಸಂಘಗಳು ತೋರಲಿ.

ಮೂರನೆಯದು, ವಾಟ್ಸಪ್ ಗುಂಪು ಇರುವಾಗ ಪುಟ ಏಕೆ, ಅದಕ್ಕೆಲ್ಲ ನಮ್ಮಲ್ಲಿ ಹಣವೆಲ್ಲಿದೆ ಎಂಬ ಸಣ್ಣ ಸಂಘಗಳ ಮಾತು. ವಾಟ್ಸಪ್ ಸುದ್ದಿಯನ್ನು ಹರಡುತ್ತದೆ, ತಿದ್ದಲಾರದು. ಸ್ಥಳ ಬದಲಾದ ಮೇಲೂ ಹಳೆಯ ಪೋಸ್ಟರ್ ಊರೂರು ಸುತ್ತುತ್ತಲೇ ಇರುತ್ತದೆ. ಪುಟ ಒಂದಿದ್ದರೆ ತಿದ್ದುಪಡಿ ಒಂದೇ ಕಡೆ, ಯಾವಾಗ ತಿದ್ದಿದ್ದು ಎಂಬ ತಾರೀಕಿನೊಂದಿಗೆ. ಗುಂಪಿಗೆ ಕಳಿಸಬೇಕಾದದ್ದು ಅದರ ಲಿಂಕ್ ಮಾತ್ರ. ಖರ್ಚಿನ ಮಾತಿಗೆ ಬಂದರೆ, ದುಬಾರಿಯಾಗುವುದು ಅಲಂಕಾರ. ಹತ್ತು ಸಾಲಿನ ಸರಳ ಪಠ್ಯಕ್ಕೂ ಉಚಿತವಾಗಿ ಸಿಗುವ ಒಂದು ಫಾರಂಗೂ ಹಣ ಬೇಕಿಲ್ಲ. ಅಂಥ ಹಗುರ ಪುಟ ನೆಟ್‌ವರ್ಕ್ ಮಂದವಾಗಿರುವ ಹಳ್ಳಿಯಲ್ಲೂ ಬೇಗ ತೆರೆಯುತ್ತದೆ. ಮೊಳಕಾಲ್ಮುರಿನ ರೇಷ್ಮೆ ಸೀರೆಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಸು ಸರಿಯಾಗಿ ಕೂಡಿದ ಮೇಲೆಯೇ ಹೊಕ್ಕು, ಅಂಚು, ಬುಟ್ಟಾ ಎಲ್ಲ. ಹಾಸು ಸಡಿಲವಿದ್ದರೆ ಜರಿ ಎಷ್ಟು ಹಾಕಿದರೂ ಸೀರೆ ನಿಲ್ಲುವುದಿಲ್ಲ. ಪುಟದ ಹಾಸು ಎಂದರೆ ಆರು ಪ್ರಶ್ನೆಗಳ ನೇರ ಉತ್ತರ.

ಈಗ ಮೊದಲ ಮಾತಿಗೆ ಮರಳುತ್ತೇನೆ. ಬಾನುಲಿಯಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ, ಹಿಂದೆ ಸರಿದು ಮತ್ತೆ ಓದುವ ಅವಕಾಶವಿಲ್ಲ. ಒಮ್ಮೆ ಹೇಳಿದಾಗ ತಿಳಿಯಬೇಕು, ಇಲ್ಲವಾದರೆ ಆ ಮಾತು ಗಾಳಿಗೆ ಹೋಯಿತು. ಆದ್ದರಿಂದ ಬಾನುಲಿಯ ಪ್ರಕಟಣೆ ಬರೆಯುವವರು ದಿನ, ಹೊತ್ತು, ಸ್ಥಳಗಳನ್ನು ಕಿವಿಗೆ ಹಿಡಿಯುವ ಕ್ರಮದಲ್ಲಿ ಇಡುತ್ತಾರೆ. ನಿಮ್ಮ ಪುಟವನ್ನೂ ಇದೇ ಪರೀಕ್ಷೆಗೆ ಒಡ್ಡಿ. ಲಿಂಕನ್ನು ಹತ್ತು ಜನಕ್ಕೆ ಕಳಿಸುವ ಮೊದಲು ಮನೆಯ ಹಿರಿಯರೊಬ್ಬರ ಎದುರು ಕುಳಿತು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿ. ಆಮೇಲೆ ಮೂರು ಪ್ರಶ್ನೆ ಕೇಳಿ: ಯಾವತ್ತು ಹೊರಡುತ್ತೀರಿ, ಒಟ್ಟು ಎಷ್ಟು ಹಣ ತೆಗೆದುಕೊಳ್ಳುತ್ತೀರಿ, ಏನಾದರೂ ತೊಡಕಾದರೆ ಯಾರಿಗೆ ಫೋನ್ ಮಾಡುತ್ತೀರಿ. ಅವರು ಮೂರಕ್ಕೂ ಉತ್ತರ ಹೇಳಿದರೆ ಪುಟ ಸಿದ್ಧ. ಒಂದಕ್ಕೆ ತಡವರಿಸಿದರೂ ತಪ್ಪು ಕೇಳಿದವರದಲ್ಲ, ಪುಟದ್ದು. ಕೂತು ತಿದ್ದಿ. ಚಳ್ಳಕೆರೆಯ, ಮೊಳಕಾಲ್ಮುರಿನ ಸಂಘಗಳು, ನೃತ್ಯ ಶಾಲೆಗಳು, ಕಲಾಮೇಳಗಳು ಮುಂದಿನ ಕಾರ್ಯಕ್ರಮದಿಂದಲೇ ಇದನ್ನು ರೂಢಿಗೆ ತರಬೇಕೆಂದು ಕೇಳಿಕೊಳ್ಳುತ್ತೇನೆ.